ಬೇಗ ಹಿಡಿಯುವ ಲೆನ್ಸು

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಮೃತ್ಯುಂಜಯ ಮೊದಲ ಸಲ ಚಿರತೆಯನ್ನು ಕಂಡಾಗ ಕ್ಯಾಮೆರಾ ಅವನ ಹೆಗಲಲ್ಲೇ ಇತ್ತು. ಕಡೂರಿನಲ್ಲಿ ಒಂದು ನಾಮಕರಣದ ಫೋಟೋ ತೆಗೆದು ಬೈಕಿನಲ್ಲಿ ಊರಿಗೆ ಬರುತ್ತಿದ್ದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಏರಿ ಬಾಗುವಲ್ಲಿ, ಜಾಲಿ ಪೊದೆಯ ಹಿಂದೆ, ಬಚ್ಚಲ ಒಲೆಯ ಕಟ್ಟೆಯ ಮೇಲೆ ಬೆಕ್ಕು ಕೂರುತ್ತದಲ್ಲ, ಹಾಗೆ ಕೂತಿತ್ತು. ಬೈಕು ತಿರುಗಿಸಿ ಓಡಬೇಕಿತ್ತು. ಆದರೆ ಮದುವೆ ಮುಂಜಿಯ ಫೋಟೋ ತೆಗೆದು ಬದುಕುವವನ ಕೈ ತಲೆಯ ಮಾತು ಕೇಳುವುದಿಲ್ಲ. ಕಂಡದ್ದನ್ನು ಮೊದಲು ಹಿಡಿ, ಆಮೇಲೆ ಹೆದರಿಕೋ ಅನ್ನುತ್ತದೆ.

ಫೋಕಸ್ಸಿಗೆಂದು ಗುಂಡಿಯನ್ನು ಅರ್ಧ ಒತ್ತಿದ. ಲೆನ್ಸು ತಿರುಗತೊಡಗಿತು. ಜಾಲಿಮುಳ್ಳನ್ನು ಹಿಡಿಯಿತು, ಬಿಟ್ಟಿತು, ಆಚೆಯ ನೀರಿಗೆ ಹೋಯಿತು, ಮತ್ತೆ ಮುಳ್ಳಿಗೇ ಬಂತು. ಒಳಗಿನ ಮೋಟಾರು ಗಿರ್ ಗಿರ್ ಎಂದು ಸದ್ದು ಮಾಡುತ್ತಿತ್ತು. ಕಲ್ಯಾಣ ಮಂಟಪದ ಗದ್ದಲದಲ್ಲಿ ಒಂದು ದಿನವೂ ಕೇಳಿಸದ ಸದ್ದು ಇಲ್ಲಿ ಕಬ್ಬಿಣದ ಗೇಟು ಎಳೆದಂತೆ ಕೇಳಿತು. ಚಿರತೆ ಮೊದಲು ಒಂದು ಕಿವಿ ತಿರುಗಿಸಿತು, ಆಮೇಲೆ ಮುಖ. ಅವನನ್ನು ನೋಡಿತು. ಲೆನ್ಸು ಇನ್ನೂ ಹುಡುಕುತ್ತಲೇ ಇತ್ತು. ಅವನು ಹಾಗೇ ಗುಂಡಿಯನ್ನು ಪೂರ್ತಿ ಒತ್ತಿದ. ಅದು ಎದ್ದು, ಅವಸರವೇನೂ ಇಲ್ಲದೆ, ಏರಿಯ ಕೆಳಗೆ ಇಳಿದು ಹೋಯಿತು.

ಫೋಟೋದಲ್ಲಿ ಜಾಲಿಮುಳ್ಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು. ಅದರ ಹಿಂದೆ ಯಾರೋ ಅರಿಸಿನದ ಕೈ ಒರೆಸಿದಂತೆ ಒಂದು ಹಳದಿ ಕಲೆ.

ಅವನಿಗೆ ನಿಜವಾಗಿ ಎದೆ ಒಡೆದದ್ದು ಮನೆಗೆ ಬಂದ ಮೇಲೆ. ಅಕ್ಕ ತನುಜಾ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದಳು. ಅವಳು ದಿನಾ ಬೆಳಿಗ್ಗೆ ನಸುಕಿನಲ್ಲಿ, ಮತ್ತೆ ಸಂಜೆ, ಆ ಬಾಗಿನಲ್ಲೇ ಹಾದು ಆಚೆ ದಡದ ಡೇರಿಗೆ ಹಾಲು ಹಾಕಿ ಬರುತ್ತಾಳೆ. ರಸ್ತೆ ಸುತ್ತಿ ಹೋದರೆ ತಲುಪುವಷ್ಟರಲ್ಲಿ ಹಾಲಿನ ವ್ಯಾನು ಹೋಗಿರುತ್ತದೆ. ಸಖರಾಯಪಟ್ಟಣದ ಗಂಡನ ಮನೆ ಬಿಟ್ಟು ಬಂದ ಮೇಲೆ ಯಾರ ಹಂಗೂ ಬೇಡ ಎಂದು ಎರಡು ಹಸು ಕಟ್ಟಿಕೊಂಡು ನಿಂತವಳು. ಆ ಮನೆಯಿಂದ ಅವಳ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಕರಿಯ ಎಂಬ ನಾಯಿ. ಡೇರಿಗೆ ಹೋಗುವಾಗಲೂ ಕರಿಯ ಅವಳ ಹಿಂದೆಯೇ.

ಇನ್ನು ಏರಿ ಮೇಲೆ ಹೋಗಬೇಡ ಎಂದು ಅವನು ಹೇಳಿದ. ಕಂಡದ್ದನ್ನೆಲ್ಲ ಹೇಳಿದ. ಅವಳು ಕ್ಯಾನಿನ ಮುಚ್ಚಳ ಒರೆಸುತ್ತಾ ಕೇಳಿಸಿಕೊಂಡಳು.

"ಚಿರತೆ ಬಂದೈತೆ ಅಂತ ಹಸು ಹಾಲು ನಿಲ್ಲಿಸ್ತದೇನೋ? ಹೋಗದೆ ಇರಕ್ಕಾಗಲ್ಲ ಕಣೋ ಜಯಾ. ಅದನ್ನ ಹಿಡಿಸೋ ದಾರಿ ನೋಡು."

ಹಿಡಿಸುವ ದಾರಿ ಇದ್ದದ್ದು ಒಂದೇ. ಅರಣ್ಯದ ಗಾರ್ಡು ಅಂಜಿನಪ್ಪ ಒಳ್ಳೆಯ ಮನುಷ್ಯ. ಬೋನು ಇರುವುದೇ ಒಂದು, ಕೇಳುತ್ತಿರುವುದು ಮೂರು ಊರು, ಯಾವ ಊರಿನವರು ಗಟ್ಟಿ ಸಾಕ್ಷಿ ತರುತ್ತಾರೋ ಅಲ್ಲಿಗೆ ಮೊದಲು ಎಂದು ಬಿಡಿಸಿ ಹೇಳಿದ. ಹಿಂದಿನ ವಾರ ಪಕ್ಕದ ಹಟ್ಟಿಯಲ್ಲಿ ಕರು ಸತ್ತಿತ್ತಲ್ಲ, ಕತ್ತಿನಲ್ಲಿ ಹಲ್ಲಿನ ತೂತಿತ್ತಲ್ಲ ಎಂದರೆ, ನಾಯಿಗೂ ಹಲ್ಲಿರುತ್ತವೆ ಅಂದ. ಹೆಜ್ಜೆ ಗುರುತು ತೋರಿಸೋಣವೆಂದರೆ ಏರಿ ಪೂರ್ತಿ ಗೊರಚು ಕಲ್ಲು, ಹೆಜ್ಜೆ ಮೂಡುವುದಿಲ್ಲ. ಸತ್ತ ಕರು ಸಾಕ್ಷಿಯಲ್ಲವಂತೆ. ಬದುಕಿರುವ ಚಿರತೆಯೇ ಬಂದು ಹೆಬ್ಬೆಟ್ಟು ಒತ್ತಬೇಕು. ಮೃತ್ಯುಂಜಯ ಹಲ್ಲು ಕಚ್ಚಿಕೊಂಡು ತನ್ನ ಫೋಟೋ ತೋರಿಸಿದ. ಅಂಜಿನಪ್ಪ ಬಹಳ ಹೊತ್ತು ನೋಡಿ, ಮುಳ್ಳು ಚೆನ್ನಾಗಿ ಬಂದೈತೆ ಅಂದ.

ಬಸ್ ಸ್ಟಾಪಿನ ಹೋಟೆಲಿನಲ್ಲಿ ಈ ಮಾತಿಗೆ ಕಾಲು ಬಂತು. ಹೋಟೆಲಿನ ಈರಭದ್ರಪ್ಪ ಆ ಫೋಟೋವನ್ನು ಫೋನಿಗೆ ಹಾಕಿಸಿಕೊಂಡು ಬಂದವರಿಗೆಲ್ಲ ತೋರಿಸಿದ.

"ಲೇ, ಇದು ಚಿರತೆ ಅಲ್ಲ ಕಣ್ರೋ, ನಮ್ಮ ಹೋಟ್ಲು ಕೇಸರಿಬಾತು. ಯಾರೋ ಮುಳ್ಳಿನ್ ಮೇಲೆ ಚೆಲ್ಲವ್ರೆ."

ಮೃತ್ಯುಂಜಯ ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು ಎದ್ದ. ನಗುವವರ ಮನೆಯ ಹೆಣ್ಣುಮಕ್ಕಳು ಯಾರೂ ಏರಿ ಮೇಲೆ ಹೋಗುವುದಿಲ್ಲ. ಅವರಿಗೆ ನಗು ಪುಕ್ಕಟೆ.

ಆ ಲೆನ್ಸು ಅವನೇ ಆರಿಸಿಕೊಂಡದ್ದು. ಅವನಿಗೆ ಫೋಟೋ ಕೆಲಸ ಕಲಿಸಿದ ತರೀಕೆರೆಯ ಶಾಮಣ್ಣ ಸ್ಟುಡಿಯೋ ಮುಚ್ಚುವಾಗ ಎರಡು ಲೆನ್ಸು ಮೇಜಿನ ಮೇಲಿಟ್ಟು, ಒಂದು ನಿನಗೆ ಎಂದಿದ್ದರು. ಒಂದು ಹಳೆಯದು, ದಪ್ಪ ಗಾಜಿನದು. ಮದುವೆ ಹೆಣ್ಣಿನ ಮುಖವನ್ನು ಮಾತ್ರ ಉಳಿಸಿ ಹಿಂದಿನ ಕುರ್ಚಿ, ಸೀರಿಯಲ್ ಲೈಟು, ಪಾತ್ರೆ ಹೊತ್ತ ಅಡುಗೆಯವರನ್ನೆಲ್ಲ ಬೆಣ್ಣೆಯಂತೆ ಕರಗಿಸುವುದು. ಫೋಕಸ್ಸು ಮಾತ್ರ ನಿಧಾನ. ಇನ್ನೊಂದು ಹೊಸದು, ಬೆಳಕು ಅಷ್ಟಾಗಿ ಕುಡಿಯದು, ಆದರೆ ಗುಂಡಿಗೆ ಬೆರಳು ತಾಗುವುದಕ್ಕಿಲ್ಲ, ಎದುರಿನದನ್ನು ಸದ್ದಿಲ್ಲದೆ ಕಚ್ಚಿ ಹಿಡಿದಿರುತ್ತದೆ. ಬೇಗ ಹಿಡಿಯುವುದನ್ನೇ ತಗೋ ಎಂದು ಶಾಮಣ್ಣ ಹೇಳಿದ್ದರು. ಮದುವೆ ಹೆಣ್ಣು ಮಣೆ ಬಿಟ್ಟು ಎಲ್ಲಿಗೆ ಓಡಿಹೋಗುತ್ತಾಳೆ, ನಿಧಾನಕ್ಕೇ ಹಿಡಿಯಲಿ ಎಂದು ಇವನು ನಕ್ಕಿದ್ದ. ಅಂದಕ್ಕೆ ಮರುಳಾಗಿ ಹಳೆಯದನ್ನೇ ಎತ್ತಿಕೊಂಡಿದ್ದ.

ಈಗ ಅವನು ಅಜ್ಜಂಪುರದ ತನ್ನ ಫೋಟೋ ಅಂಗಡಿಯ ಬಾಗಿಲು ಎಳೆದು ತರೀಕೆರೆಗೆ ಹೋಗಿ ಶಾಮಣ್ಣನ ಮುಂದೆ ನಿಂತ. ಇನ್ನೊಂದು ಲೆನ್ಸನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ, ಮೊಮ್ಮಗಳ ಫೋಟೋ ತೆಗೆಯಲು ಇಟ್ಟುಕೊಂಡಿದ್ದರು. ಯಾತಕ್ಕೆ ಎಂದು ಕೇಳಿ, ತಿಳಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

"ನೋಡಪ್ಪಾ, ಇದು ಬೇಗ ಹಿಡಿಯುತ್ತೆ, ನಿಜ. ಆದ್ರೆ ಏನನ್ನ ಹಿಡೀಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅದು ನಿನಗೆ ಗೊತ್ತಿರಬೇಕು."

ಅವನು ಹೂಂ ಅಂದ. ಅವನ ಕಿವಿಗೆ ಬಿದ್ದದ್ದು ಬೇಗ ಎನ್ನುವುದು ಒಂದೇ.

ಮೊದಲ ಕೆಲವು ದಿನ ಅವನು ಅಕ್ಕನನ್ನು ಮನೆಯಲ್ಲೇ ಬಿಟ್ಟು ತಾನೇ ಹಾಲಿನ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೋದ. ಹಾಲು ಹಾಕಿ ಬಂದು ಬಾಗಿನ ಹತ್ತಿರ ತೂಬಿನ ಕಲ್ಲುಗಳ ಮರೆಯಲ್ಲಿ ಕೂತ. ನೀರುಕೋಳಿ ಬಂತು, ಮುಂಗುಸಿ ಬಂತು, ಈರುಳ್ಳಿ ಹೊಲಕ್ಕೆ ಹೋಗುವವರು ಬಂದು ಏನಪ್ಪಾ, ಹೊಟ್ಟೆ ಕೆಟ್ಟೈತಾ ಎಂದು ಕೇಳಿ ಹೋದರು. ಅದು ಮಾತ್ರ ಬರಲಿಲ್ಲ. ಬೈಕಿನ ಸದ್ದಿಗೆ ಬರುವ ಪ್ರಾಣಿಯಲ್ಲ ಅದು.

ಅಂಜಿನಪ್ಪ ಒಂದು ದಿನ ಮಾತಿನ ನಡುವೆ ಹೇಳಿದ: ಚಿರತೆಗೆ ಮನುಷ್ಯ ಬೇಡ, ನಾಯಿ ಅಂದರೆ ಪ್ರಾಣ. ನಾಯಿ ಯಾರ ಹಿಂದೆ ಹೋಗುತ್ತೋ ಅದು ಅವರ ಹಿಂದೆ ಹೋಗುತ್ತೆ. ಅವನು ಎಚ್ಚರಿಕೆ ಹೇಳಿದ್ದು. ಮೃತ್ಯುಂಜಯನಿಗೆ ಅದು ಬೇರೆ ರೀತಿ ಕೇಳಿಸಿತು. ನಾಯಿ ಇದ್ದಲ್ಲಿಗೆ ಅದು ಬರುತ್ತದೆ. ನಾಯಿಯನ್ನು ತಾನೇ ಹಗ್ಗ ಹಾಕಿ ಎಳೆದುಕೊಂಡು ಹೋಗಿ ನೋಡಿದ. ಕರಿಯ ನಾಲ್ಕು ಕಾಲೂ ಊರಿ ಕೂತುಬಿಟ್ಟಿತು. ಅದು ಹೆಜ್ಜೆ ಇಡುವುದು ಒಬ್ಬಳ ಹಿಂದೆ ಮಾತ್ರ.

ಆ ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆಯ ಕಡೆಯೇ ನೋಡುತ್ತಾ ಅಕ್ಕನಿಗೆ ಹೇಳಿದ.

"ಕಡೂರಲ್ಲಿ ಎರಡು ದಿನದ ಮದುವೆ ಐತೆ. ಇವತ್ತು ಚಪ್ಪರ ಆಯ್ತು, ನಾಳೆ ಬೆಳಿಗ್ಗೆ ಬೇಗ ಹೋಗ್ಬೇಕು. ಹಾಲಿಗೆ ನೀನೇ ಹೋಗಕ್ಕ. ಈಚೆಗೆ ಅದು ಯಾರಿಗೂ ಕಂಡಿಲ್ಲ."

ಚಪ್ಪರದ ದಿನ ನಿಜ. ಹೊಸ ಲೆನ್ಸಿನಲ್ಲಿ ಅವತ್ತೇ ತೆಗೆದು ಬಂದಿದ್ದ. ಆದರೆ ಮುಹೂರ್ತ ಇದ್ದದ್ದು ಹನ್ನೊಂದಕ್ಕೆ. ತನುಜಾ ಸರಿ ಅಂದಳು, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ನಸುಕಿನಲ್ಲಿ ಅವನು ಬೈಕನ್ನು ಸ್ಟಾರ್ಟ್ ಮಾಡದೆ ಓಣಿಯ ಕೊನೆಯವರೆಗೆ ತಳ್ಳಿಕೊಂಡು ಹೋದ. ಅದನ್ನು ತೆಂಗಿನ ತೋಟದಲ್ಲಿ ನಿಲ್ಲಿಸಿ, ನಡೆದು ಬಂದು ತೂಬಿನ ಮರೆಯಲ್ಲಿ ಕೂತ. ನೀರಿನ ಮೇಲೆ ಹೊಗೆಯಂತೆ ಮಂಜಿತ್ತು. ತಾನು ಮಾಡುತ್ತಿರುವುದಕ್ಕೆ ಅವನು ಹೆಸರು ಇಟ್ಟಿರಲಿಲ್ಲ. ಅಕ್ಕನಿಗಾಗಿಯೇ ತಾನೇ ಇದೆಲ್ಲ ಎಂದು ಒಳಗೊಳಗೇ ಹೇಳಿಕೊಂಡ. ಇವತ್ತೊಂದು ದಿನ. ನಾನು ಇಲ್ಲೇ ಇದ್ದೀನಲ್ಲ. ಕಾಲ ಬುಡದಲ್ಲಿ ಹಿಡಿಗಾತ್ರದ ಕಲ್ಲುಗಳನ್ನು ಗುಡ್ಡೆ ಹಾಕಿಕೊಂಡ.

ತನುಜಾ ಏರಿಯ ಆ ತುದಿಯಲ್ಲಿ ಕಾಣಿಸಿಕೊಂಡಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕ್ಯಾನು, ಒಂದು ಕೈ ಕ್ಯಾನಿಗೆ. ನೇರ ಇವನಿದ್ದ ಕಡೆಗೇ ನಡೆದು ಬರುತ್ತಿದ್ದಳು. ಅವಳ ಹಿಂದೆ ಕರಿಯ ನೆಲ ಮೂಸುತ್ತಾ, ಹಿಂದೆ ಬಿದ್ದು, ಓಡಿ ಬಂದು ಸೇರಿಕೊಳ್ಳುತ್ತಾ ಬರುತ್ತಿತ್ತು. ಬಾಗು ಹತ್ತಿರವಾಯಿತು. ಅವಳು ಜಾಲಿ ಪೊದೆಯನ್ನು ದಾಟಿದಳು. ದಾಟಿದ ಮೇಲೆ ಪೊದೆ ಅಲುಗಿತು.

ಅದು ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ ಹೊರಗೆ ಬಂತು.

ಕ್ಯಾಮೆರಾ ಕಣ್ಣಿಗೇರಿತು. ಬೆರಳು ಅರ್ಧ ಒತ್ತಿತು. ಶಾಮಣ್ಣ ಹೇಳಿದ್ದು ನಿಜ. ಒಂದಿಷ್ಟೂ ಸದ್ದಿಲ್ಲ, ಒಂದಿಷ್ಟೂ ತಡವಿಲ್ಲ. ತಟ್ಟನೆ ಹಿಡಿಯಿತು. ಹಿಡಿದದ್ದು ತನುಜಾಳ ಮುಖವನ್ನು. ಪರದೆಯ ಮೇಲೆ ಒಂದು ಚಿಕ್ಕ ಹಸಿರು ಚೌಕ ಅವಳ ಕಣ್ಣಿನ ಮೇಲೆ ಬಂದು ಕೂತಿತ್ತು. ಹಣೆಯ ವಿಭೂತಿಯ ಗೀರು, ಮೂಗಿನ ಮೇಲಿನ ಬೆವರು, ಎಲ್ಲ ಕಡೆದಿಟ್ಟ ಹಾಗೆ. ಹಿಂದಿನದೆಲ್ಲ ಮಸುಕು.

ಗುಂಡಿ ಬಿಟ್ಟು ಚಿರತೆಯ ಕಡೆ ತಿರುಗಿಸಿ ಮತ್ತೆ ಒತ್ತಿದ. ಚೌಕ ಹಾರಿ ಅಕ್ಕನ ಕಣ್ಣಿಗೇ ಹೋಯಿತು. ಇನ್ನೊಮ್ಮೆ ಒತ್ತಿದ. ಅಲ್ಲಿಗೇ. ಆಗ ಹೊಳೆಯಿತು. ಹಿಂದಿನ ದಿನ ಚಪ್ಪರಕ್ಕೆಂದು ಕ್ಯಾಮೆರಾವನ್ನು ಮನುಷ್ಯರ ಕಣ್ಣು ಹುಡುಕುವಂತೆ ಇಟ್ಟದ್ದು ಹಾಗೇ ಉಳಿದಿದೆ. ಮದುವೆ ಫೋಟೋ ತೆಗೆಯುವವರೆಲ್ಲ ಹಾಗೇ ಇಡುವುದು. ಸಾವಿರ ಜನರ ನಡುವೆ ಹೆಣ್ಣಿನ ಕಣ್ಣು ಬಿಟ್ಟು ಬೇರೆ ಏನನ್ನೂ ಅದು ನೋಡಬಾರದು. ನೋಡುತ್ತಿರಲಿಲ್ಲ. ಆ ಕ್ಯಾಮೆರಾದ ಪಾಲಿಗೆ ಏರಿಯ ಮೇಲೆ ತನುಜಾ ಒಬ್ಬಳೇ ಇದ್ದಳು. ಅವಳ ಬೆನ್ನ ಹಿಂದೆ ಒಂದು ಹಳದಿ ಕಲೆ ನಿಧಾನವಾಗಿ ದೊಡ್ಡದಾಗುತ್ತಿತ್ತು.

ಕೂಗಬೇಕಿತ್ತು. ಕಾಲ ಬುಡದಲ್ಲಿ ಕಲ್ಲಿದ್ದವು.

ಅವನು ಮೆನು ತೆಗೆದ. ಆ ಸೆಟ್ಟಿಂಗು ಯಾವ ಪುಟದಲ್ಲಿತ್ತು, ಎರಡನೆಯದೋ ಮೂರನೆಯದೋ. ಹೆಬ್ಬೆರಳು ಜಾರಿತು. ಭಾಷೆ, ದಿನಾಂಕ, ಪರದೆಯ ಬೆಳಕು. ಬೇಡದ್ದೆಲ್ಲ ಸಾಲುಗಟ್ಟಿ ಬಂತು. ಒಂದೇ ಒಂದು, ಒಂದೇ ಒಂದು ಎಂದು ಬಾಯಲ್ಲಿ ಅಂದುಕೊಳ್ಳುತ್ತಾ ಪುಟ ತಿರುಗಿಸಿದ. ಅವನ ಕಣ್ಣು ಅಂಗೈಯಗಲದ ಆ ಪರದೆಯ ಮೇಲಿತ್ತು, ಏರಿಯ ಮೇಲಿರಲಿಲ್ಲ.

ಕರಿಯ ಒಂದೇ ಸಲ ಕಿರುಚಿತು. ಅರ್ಧಕ್ಕೆ ನಿಂತ ಕಿರುಚು.

ತಲೆಯೆತ್ತಿದಾಗ ಕ್ಯಾನು ನೆಲದಲ್ಲಿತ್ತು. ಬಿಳಿ ಹಾಲು ಗೊರಚಿನ ಮೇಲೆ ಹರಿದು ಅವಳ ಪಾದ ಮುಟ್ಟುತ್ತಿತ್ತು. ಅವಳಿಗೂ ಚಿರತೆಗೂ ನಡುವೆ ಒಂದು ಸೀರೆ ಹಾಸುವಷ್ಟು ಜಾಗ. ಅದರ ಬಾಯಲ್ಲಿ ಕರಿಯ ನೇತಾಡುತ್ತಿತ್ತು. ಚಿರತೆ ನಾಯಿಯನ್ನು ಕಚ್ಚಿಕೊಂಡೇ ಅವಳನ್ನು ನೋಡಿತು. ಅವಳ ಒಂದು ಕೈ ಇನ್ನೂ ಕ್ಯಾನು ಹಿಡಿದಂತೆಯೇ ಗಾಳಿಯಲ್ಲಿತ್ತು. ಮೃತ್ಯುಂಜಯ ಎದ್ದ, ಎಡವಿದ, ಕೈಗೆ ಸಿಕ್ಕ ಕಲ್ಲು ಬೀಸಿದ. ಅದು ಎಲ್ಲೋ ನೀರಿಗೆ ಬಿತ್ತು. ಅಕ್ಕಾ ಎಂದು ಕೂಗುತ್ತಾ ಓಡಿದ. ಚಿರತೆ ಒಂದು ಹೆಜ್ಜೆ ಅವಳ ಕಡೆಗೇ ಇಟ್ಟಿತು. ಆಮೇಲೆ ಮನಸ್ಸು ಬದಲಿಸಿದಂತೆ ಏರಿಯ ಕೆಳಗೆ ಹಾರಿತು. ಜೊಂಡು ಸರಸರ ಎಂದಿತು, ಮುಚ್ಚಿಕೊಂಡಿತು.

ತನುಜಾ ಜೊಂಡಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

"ನೀನು ಕಡೂರಿಗೆ ಹೋಗಿರ್ಲಿಲ್ವಾ?"

"ಬೈಕು ಕೆಟ್ಟೋಯ್ತು" ಎಂದ ಮೃತ್ಯುಂಜಯ.

ಅವಳು ತಲೆಯಾಡಿಸಿದಳು. ಅವನನ್ನು ನಂಬಿದಳು. ಅವನ ತೋಳು ಹಿಡಿದುಕೊಂಡೇ ಮನೆಗೆ ನಡೆದಳು.

ಸುದ್ದಿ ಕೇಳಿ ಅಂಜಿನಪ್ಪ ಬಂದ. ಜಗಲಿಯ ಮೇಲೆ ಕೂತು ನೀರು ಕುಡಿದು, ಫೋಟೋ ಏನಾದರೂ ಸಿಕ್ಕಿತಾ ಎಂದು ಕೇಳಿದ. ಕ್ಯಾಮೆರಾ ಮೃತ್ಯುಂಜಯನ ಕೊರಳಲ್ಲೇ ನೇತಾಡುತ್ತಿತ್ತು. ಇಲ್ಲ ಎನ್ನಬಹುದಿತ್ತು. ಇಲ್ಲವೆಂದರೆ ಬೋನು ಬೇರೆ ಊರಿಗೆ ಹೋಗುತ್ತದೆ, ನಾಳೆ ನಸುಕಿಗೆ ಅಕ್ಕ ಮತ್ತೆ ಏರಿ ಮೇಲೆ. ಕ್ಯಾಮೆರಾವನ್ನು ಬಿಚ್ಚಿ ಕೊಟ್ಟ. ಅರ್ಧ ಒತ್ತಿದ ಬೆರಳು ಎಷ್ಟು ಸಲ ಪೂರ್ತಿ ಒತ್ತಿತ್ತೋ ಅವನಿಗೇ ತಿಳಿದಿರಲಿಲ್ಲ.

ಅಂಜಿನಪ್ಪ ಒಂದೊಂದಾಗಿ ಮುಂದೆ ಸರಿಸಿದ. ತನುಜಾ ಅವನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ಮೊದಲನೆಯದರಲ್ಲಿ ಅವಳು ದೂರದಲ್ಲಿದ್ದಳು, ಹಳದಿ ಕಲೆ ಪೊದೆಯ ಪಕ್ಕದಲ್ಲಿತ್ತು. ಆಮೇಲಿನದರಲ್ಲಿ ಅವಳು ಇನ್ನೂ ಹತ್ತಿರ, ಕಲೆಯೂ ಹತ್ತಿರ. ಕೊನೆಯದರಲ್ಲಿ ಅವಳ ಮುಖ ಪರದೆ ತುಂಬ. ಏನೂ ತಿಳಿಯದ, ಎಲ್ಲೋ ಡೇರಿಯ ವ್ಯಾನಿನ ಬಗ್ಗೆ ಯೋಚಿಸುತ್ತಿರುವ ಮುಖ. ರೆಪ್ಪೆಯ ಒಂದೊಂದು ಕೂದಲೂ ಚೆನ್ನಾಗಿ ಬಂದಿತ್ತು. ಭುಜದ ಆಚೆ ಉದ್ದ ಬಾಲದ ಹಳದಿ ಆಕಾರ.

ಅಂಜಿನಪ್ಪನಿಗೆ ಖುಷಿಯಾಯಿತು. ಮಸುಕಾದರೂ ಪರವಾಗಿಲ್ಲ, ಪಕ್ಕದಲ್ಲಿ ನಾಯಿ ಐತೆ, ಮನುಷ್ಯರು ಅವ್ರೆ, ಅಳತೆ ಸಿಕ್ಕಿತು, ಬಾಲ ಸಿಕ್ಕಿತು, ಬೋನು ಇವತ್ತೇ ತರಿಸುತ್ತೀನಿ ಅಂದ. ಪುಣ್ಯಾತ್ಮ, ಅಲ್ಲಿಗೇ ಬಿಡಲಿಲ್ಲ.

"ನೋಡಮ್ಮಾ, ನಿನ್ ತಮ್ಮ ಎಂಥ ಗಟ್ಟಿಗ. ಅದು ಪೊದೆಯಿಂದ ಎದ್ದಾಗಿನಿಂದ್ಲೂ ಬಿಡದೆ ಹಿಡಿದವ್ನೆ."

ತನುಜಾ ಕೈ ಚಾಚಿ ಕ್ಯಾಮೆರಾ ಇಸಿದುಕೊಂಡಳು. ಅವನು ಸರಿಸಿದಂತೆಯೇ ಸರಿಸಿದಳು, ಹಿಂದಕ್ಕೆ, ಮತ್ತೆ ಮುಂದಕ್ಕೆ. ಮೃತ್ಯುಂಜಯ ಕಂಬಕ್ಕೆ ಒರಗಿದ. ಅವಳು ಬೈಯಲಿ ಎಂದು ಕಾದ. ಕೆನ್ನೆಗೆ ಹೊಡೆಯಲಿ ಎಂದು ಕಾದ. ಲೆನ್ಸು ನನ್ನ ಮಾತು ಕೇಳಲಿಲ್ಲ ಕಣಕ್ಕ ಎನ್ನುವ ಮಾತು ಬಾಯಿವರೆಗೂ ಬಂತು. ಆದರೆ ಲೆನ್ಸು ತಪ್ಪು ಮಾಡಿರಲಿಲ್ಲ. ಯಾರನ್ನು ನೋಡಬೇಕಿತ್ತೋ ಅವಳನ್ನೇ ನೋಡಿತ್ತು. ಮತ್ತೆ ಮತ್ತೆ ಅವಳನ್ನೇ ತೋರಿಸಿತ್ತು. ಕಣ್ಣು ತೆಗೆದವನು ಇವನು.

ಬೋನಿನ ಒಳಗೆ ಕಟ್ಟಲು ಒಂದು ಆಡಿನ ಮರಿಯೋ ನಾಯಿಯೋ ಬೇಕಾಗುತ್ತೆ ಎಂದು ಅಂಜಿನಪ್ಪ ಏಳುತ್ತಾ ಹೇಳಿದ. ತನುಜಾ ಕ್ಯಾಮೆರಾವನ್ನು ಜಗಲಿಯ ಮೇಲೆ ಮೆತ್ತಗೆ ಇಟ್ಟಳು.

"ಅದುಕ್ಕೆ ನನ್ನ ತಮ್ಮನ್ನ ಕರ್ಕೊಂಡು ಹೋಗಿ. ಕಟ್ಟೋದು ಅವನಿಗೆ ಚೆನ್ನಾಗಿ ಬರ್ತದೆ."

ಅಂಜಿನಪ್ಪನಿಗೆ ಅರ್ಥವಾಗಲಿಲ್ಲ. ಹೂಂನಮ್ಮ ಎಂದು ಚಪ್ಪಲಿ ಮೆಟ್ಟಿಕೊಂಡ.

ಸಂಜೆಯ ಹೊತ್ತಿಗೆ ಬೋನು ಬಂತು. ಬಾಗಿನಿಂದ ಕೆಳಗೆ, ಜೊಂಡಿನ ಅಂಚಿಗೆ ಇಟ್ಟರು. ಈರಭದ್ರಪ್ಪ ಹೋಟೆಲು ಬಿಟ್ಟು ಬಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಮನೆಯಲ್ಲಿ ತನುಜಾ ಹಸು ಕರೆದಳು, ರೊಟ್ಟಿ ತಟ್ಟಿದಳು, ಅವನ ತಟ್ಟೆಗೂ ಹಾಕಿದಳು.

ನಸುಕಿನಲ್ಲಿ ಬೋನು ಇನ್ನೂ ಖಾಲಿಯೇ ಇತ್ತು. ಅವಳು ಕ್ಯಾನು ಹೊತ್ತು ಹೊರಟಾಗ ಅವನು ದೊಣ್ಣೆ ಹಿಡಿದು, ಕ್ಯಾಮೆರಾ ಮುಟ್ಟದೆ, ಹಿಂದೆ ಹೊರಟ. ನಿನ್ನೆಯವರೆಗೆ ಕರಿಯ ನಡೆಯುತ್ತಿದ್ದ ಜಾಗದಲ್ಲಿ. ಓಣಿ ಮುಗಿದು ಏರಿ ಸಿಕ್ಕಿದ ಕೂಡಲೇ ಅವಳು ನಿಂತಳು. ತಿರುಗದೆಯೇ ಹೇಳಿದಳು.

"ಮುಂದೆ ನಡಿ. ನನ್ನ ಬೆನ್ನ ಹಿಂದೆ ಬರಬ್ಯಾಡ ನೀನು."

ಅವನು ಪಕ್ಕಕ್ಕೆ ಸರಿದು ಅವಳನ್ನು ದಾಟಿದ. ದಾಟುವಾಗ ಅವಳು ಕ್ಯಾನಿನ ಕೈ ಬಿಡದೆ, ಅವನಿಗೆ ಸೆರಗು ತಾಗದಂತೆ, ಏರಿಯ ಅಂಚಿನವರೆಗೂ ಸರಿದು ನಿಂತಳು. ಎದುರಿಗೆ ಜಾಲಿ ಪೊದೆ ಇತ್ತು. ಅದರೊಳಗೆ ಏನಿದೆಯೋ ಅವನಿಗೆ ಕಾಣುತ್ತಿರಲಿಲ್ಲ. ಹಿಂದೆ ಗೊರಚಿನ ಮೇಲೆ ಅವಳ ಹೆಜ್ಜೆ, ಕ್ಯಾನಿನೊಳಗೆ ಹಾಲು ತುಳುಕುವ ಸದ್ದು. ಆ ಸದ್ದು ಅವನಿಂದ ದೂರ ಕಾಯ್ದುಕೊಂಡು ಬರುತ್ತಿತ್ತು. ಅವನು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ತಿರುಗಿ ಅವಳ ಮುಖ ನೋಡುವ ಧೈರ್ಯವಾಗದೆ, ದೊಣ್ಣೆಯನ್ನು ಮುಂದೆ ಚಾಚಿ ಹಿಡಿದು, ಅವನು ಪೊದೆಯ ಕಡೆಗೆ ನಡೆದ.